ಹದಿನೆಂಟು ಗೂಡುಗಳ ಪೆಟ್ಟಿಗೆ

"ಎಣಿಸಿ," ಎಂದರು ಇನ್ಸ್‌ಪೆಕ್ಟರ್ ವುಲಾಸ್.

ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಗೈಡಿನ ಮಾತನ್ನು ಪ್ರವಾಸಿಗಳ ಕಿವಿಗೆ ತಲುಪಿಸುವ ರಿಸೀವರ್‌ಗಳು, ಕಪ್ಪು ವೈರುಗಳು, ಕಿವಿಗೆ ಸಿಕ್ಕಿಸುವ ಕೊಕ್ಕೆಗಳು ಒಂದಕ್ಕೊಂದು ತೊಡರಿಕೊಂಡು ಬಲೆಯಿಂದ ಸುರಿದ ಮೀನಿನ ಹಾಗೆ ಬಿದ್ದಿದ್ದವು. ನಾನು ಒಂದೊಂದನ್ನೇ ಬಿಡಿಸಿ ಸಾಲಾಗಿ ಇಟ್ಟೆ. ಎರಡು ಸಲ ಎಣಿಸಿದೆ.

"ಹದಿನೆಂಟು."

"ನಿನ್ನೆ ಕೋಟೆ ಹತ್ತಿದವರು?"

"ಹದಿನೆಂಟು."

"ಇಳಿದವರು?"

ಸಾಲಿನ ಕೊನೆಯ ರಿಸೀವರನ್ನು ಮತ್ತೆ ನೇರ ಮಾಡಿದೆ. ವುಲಾಸ್ ಅದನ್ನು ಗಮನಿಸಲಿಲ್ಲ, ಅವರ ಕಣ್ಣು ಗಡಿಯಾರದ ಮೇಲಿತ್ತು. ಒಂದಾಗಲು ಹತ್ತು ನಿಮಿಷ.

ನಿನ್ನೆ ಸಂಜೆ ಐದಕ್ಕೆ, ಏಡಿಬುಟ್ಟಿ ಎತ್ತಲು ಹೋದ ಬೆಸ್ತನೊಬ್ಬನಿಗೆ ಕೋಟೆಗೋಡೆಯ ಉಪ್ಪಿನ ಕೊತ್ತಲದ ಕೆಳಗೆ, ಬಂಡೆಗಳ ಸಂದಿಯಲ್ಲಿ ಹೆಡ್ವಿಗ್ ಲೋರ್ಬರ್ ಅವರ ಹೆಣ ಕಂಡಿತ್ತು. ಅರವತ್ತೆಂಟು ವರ್ಷದ ಆಸ್ಟ್ರಿಯದ ಹೆಂಗಸು. ಬೆಳಿಗ್ಗೆ ನಾನು ಕೋಟೆ ತೋರಿಸಿದ ಗುಂಪಿನವರು.

"ನೀವೇ ಬರೆದಿದ್ದೀರಲ್ಲ," ಎಂದು ವುಲಾಸ್ ಕೋಟೆಯ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ನನ್ನದೇ ದುಂಡು ಅಕ್ಷರ. ಹದಿನೆಂಟು ಹತ್ತಿದರು, ಹದಿನೆಂಟು ಇಳಿದರು, ಹನ್ನೊಂದು ಮೂವತ್ತೈದು. ಕೆಳಗೆ ನನ್ನ ಸಹಿ: ಪೆರಿನಾ ಸ್ಕಾರೆ, ಗೈಡ್. "ಅದನ್ನೇ ಟೈಪ್ ಮಾಡ್ಸಿದೀನಿ. ಓದಿ, ಸಹಿ ಹಾಕಿ. ಎರಡು ಗಂಟೆ ಬೋಟಿಗೆ ಈ ಕಾಗದಾನೂ ಹೋಗ್ಬೇಕು, ಮುದುಕಾನೂ ಹೋಗ್ಬೇಕು. ಗಾಳಿ ಇನ್ನೂ ಜೋರಾದ್ರೆ ಬೋಟ್ ಬರಲ್ಲ, ನಾನು ಸ್ಪ್ಲಿಟ್ ಪಟ್ಟಣಕ್ಕೆ ವಾಪಸ್ ಹೋಗದೆ ನಿಮ್ಮ ಈ ಸುಟ್ಲುಕಾ ಊರಲ್ಲೇ ಕೊಳೀಬೇಕು."

ಮುದುಕ ಎಂದರೆ ಬಾರ್ಬಾ ನಿಕ್ಷಾ. ಊರಿನ ಮಕ್ಕಳಿಗೆಲ್ಲ ಅವರು ಬಾರ್ಬಾ, ದೊಡ್ಡಪ್ಪ. ಮೂವತ್ತೊಂದು ವರ್ಷ ಗೈಡ್ ಆಗಿದ್ದು, ಮೊಣಕಾಲು ಕೈಕೊಟ್ಟ ಮೇಲೆ ಕೋಟೆಯ ದಿಡ್ಡಿ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವ ಕೆಲಸ ಹಿಡಿದವರು. ಬೀಗದ ಕೈ ಅವರದು. ಟಿಕೆಟ್ ಹರಿದು ಸುಮ್ಮನಿರುವವರಲ್ಲ. ವಯಸ್ಸಾದವರು ಬಂದರೆ ಎದ್ದು ನಿಂತು, ಕಿವಿಗೆ ತಾವೇ ಕೊಕ್ಕೆ ಸಿಕ್ಕಿಸಿ, ರಿಸೀವರ್ ಆನ್ ಮಾಡಿ, ಮುರುಕು ಜರ್ಮನ್‌ನಲ್ಲಿ ಒಂದು ತಮಾಷೆ ಮಾಡಿ ಕಳಿಸುತ್ತಿದ್ದರು.

"ಬಾರ್ಬಾ ನಿಕ್ಷಾ ಅಂಥವರಲ್ಲ ಸಾರ್."

"ಯಾರೂ ಅಂಥವರಲ್ಲ. ಇಪ್ಪತ್ತಾರು ವರ್ಷದಿಂದ ಇದನ್ನೇ ಕೇಳ್ತಿದೀನಿ." ವುಲಾಸ್ ಜೇಬಿನಿಂದ ಒಣ ಅಂಜೂರ ತೆಗೆದರು. "ನೋಡಿ, ಸೀದಾ ಇದೆ. ಹನ್ನೊಂದೂವರೆಗೆ ಆಕೆ ಎಲ್ಲರ ಜೊತೆ ಇಳಿದಿದ್ದಾಳೆ, ನೀವು ಎಣಿಸಿದ್ದೀರಿ. ಜೊತೆಗೆ ಬಂದಿದ್ದ ತಂಗೀನೂ ಅದನ್ನೇ ಹೇಳ್ತಾಳೆ. ಅಕ್ಕ ಇಳಿದ್ಲು, ತಲೆನೋವು ಅಂತ ಹಡಗಿಗೆ ವಾಪಸ್ ಹೋದ್ಲು. ಹನ್ನೆರಡಕ್ಕೆ ಗಾಳಿ ಜಾಸ್ತಿಯಾಯ್ತು ಅಂತ ಮುದುಕ ಬಾಗಿಲಿಗೆ ಬೀಗ ಹಾಕಿದ. ಆಮೇಲೆ ಆಕೆ ಗೋಡೆ ಮೇಲಿಂದ ಬಿದ್ದಿದ್ದಾಳೆ. ಬೀಗ ತೆಗೆದು ಯಾರು ಬಿಟ್ರು? ಬೀಗದ ಕೈ ಊರಿಗೆಲ್ಲ ಒಂದೇ."

"ಡಾಕ್ಟರು ಏನಂದ್ರು? ಯಾವಾಗ..."

"ಸತ್ತಿದ್ದು ಎರಡು ಗಂಟೆ ಹೊತ್ತಿಗೆ. ಬಿದ್ದಿದ್ದು ಯಾವಾಗ ಅಂತ ಕರಾರುವಾಕ್ಕಾಗಿ ಹೇಳಕ್ಕಾಗಲ್ಲ. ಒಂದು ಗಂಟೆ ಉಸಿರಾಡಿರಬಹುದು, ಎರಡೂ ಆಡಿರಬಹುದು. ಎರಡು ಕಾಲೂ ಮುರಿದಿತ್ತು." ಅವರು ಅಂಜೂರದ ತೊಟ್ಟು ಕಿತ್ತರು. "ತೋಳಿನ ಬಲದಲ್ಲಿ ತೆವಳಿದ್ದಾಳೆ. ನಾಲ್ಕು ಮೀಟರ್."

ಮೇಜಿನ ಅಂಚನ್ನು ಹಿಡಿದುಕೊಂಡೆ. ಆ ಹೊತ್ತಿಗೆ ನಾನು ಎಲ್ಲಿದ್ದೆ? ಮನೆಯಲ್ಲಿ. ಸೊಪ್ಪು, ಆಲೂಗಡ್ಡೆ ಬೇಯಿಸಿಕೊಂಡು, ಮೇಲೆ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಉಪ್ಪಿನ ಕೊತ್ತಲ ಕಾಣುತ್ತದೆ. ಗಾಳಿಯ ಸದ್ದೆಂದು ಕಿಟಕಿ ಮುಚ್ಚಿದ್ದೆ.

ನಾನು ಏನನ್ನು ಎಣಿಸಿದ್ದೆ?

"ಇದು ಎಷ್ಟು ದೂರ ಕೇಳುತ್ತೆ?" ವುಲಾಸ್ ಒಂದು ರಿಸೀವರ್ ಎತ್ತಿ ಗೊಂಬೆ ನೋಡಿದ ಹಾಗೆ ನೋಡಿದರು.

"ನಮ್ಮ ಮೈಕಿನಿಂದ ನೂರು ಹೆಜ್ಜೆ. ನಡುವೆ ಕಲ್ಲು ಬಂದ್ರೆ ಅದೂ ಇಲ್ಲ."

"ಈ ನಂಬರುಗಳು?" ಅವರ ಬೆರಳು ಗೋಡೆಯ ಪಟ್ಟಿಯ ಕಡೆ ಹೋಯಿತು. ಹೆಬ್ಬಾಗಿಲ ಮೇಲಿನ ಈ ಕೋಣೆಯೇ ನಮ್ಮ ಗೈಡುಗಳ ಕೋಣೆ. ಪಟ್ಟಿ ಬಣ್ಣಗೆಟ್ಟಿದೆ.

"ಚಾನೆಲ್. ಒಬ್ಬರ ಮಾತು ಇನ್ನೊಬ್ಬರ ಗುಂಪಿಗೆ ಕೇಳಿಸಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು. ನನ್ನದು ನಾಲ್ಕು."

"ಏಳರ ಎದುರಿಗೆ ಹೆಸರೇ ಇಲ್ಲ?"

"ಕೆಲಸ ಬಿಟ್ಟವರ ನಂಬರು ಅದು. ಮರ್ಯಾದೆಗೆ ಯಾರೂ ತಗೊಳ್ಳಲ್ಲ."

"ಮರ್ಯಾದೆಯ ಊರು," ಎಂದು ಅವರು ಪೆನ್ನನ್ನು ನನ್ನ ಕೈಗೆ ಕೊಟ್ಟರು. "ಸಹಿ."

"ಒಂಚೂರು ನೀರು ಕುಡಿದು ಬರ್ತೀನಿ."

ಮೆಟ್ಟಿಲ ತಿರುವಿನಲ್ಲಿ ಯೆಲ್ಕಾ ನಿಂತಿದ್ದಳು. ನಮ್ಮ ಗೈಡುಗಳ ಸಂಘಕ್ಕೆ ಅವಳೇ ಹಿರಿಯಳು. ನನ್ನ ಮುಖ ನೋಡಿದ್ದೇ ತೋಳು ಹಿಡಿದು ಗೋಡೆಗೆ ಒರಗಿಸಿದಳು.

"ಏನೇ ಇದು, ಸುಣ್ಣ ಬಳಿದ ಹಾಗೆ?"

"ಯೆಲ್ಕಾ, ನಾನು ಅವರ ಮುಖ ನೋಡಿ ಎಣಿಸ್ಲಿಲ್ಲ."

"ಯಾರು ಎಣಿಸ್ತಾರೆ? ಪೆಟ್ಟಿಗೆ ತುಂಬ್ತು ತಾನೇ?"

"ತುಂಬ್ತು."

"ಮತ್ತೆ? ಎಣಿಸ್ದೆ ಅಂತ್ಲೇ ಅರ್ಥ."

ನಮ್ಮ ಪೆಟ್ಟಿಗೆಯಲ್ಲಿ ಹದಿನೆಂಟು ಗೂಡುಗಳಿವೆ. ಕೋಟೆ ಹತ್ತಲು ಒಂದು ಗುಂಪಿಗೆ ಹದಿನೆಂಟೇ ಜನರ ಅನುಮತಿ. ಇಳಿದ ಮೇಲೆ ಒಬ್ಬೊಬ್ಬರೂ ರಿಸೀವರನ್ನು ಗೂಡಿನಲ್ಲಿಟ್ಟು ಹೋಗುತ್ತಾರೆ. ಅಷ್ಟು ಹೊತ್ತಿಗೆ ಮುಂದಿನ ಗುಂಪು ಬಂದು ನಿಂತಿರುತ್ತದೆ, ಯಾರೋ ಶೌಚಾಲಯ ಎಲ್ಲಿ ಎಂದು ಕೇಳುತ್ತಿರುತ್ತಾರೆ, ಇನ್ಯಾರೋ ಫೋಟೋ ತೆಗೆಯಿರಿ ಎಂದು ಫೋನು ಚಾಚುತ್ತಾರೆ. ನಾವು ಪೆಟ್ಟಿಗೆ ನೋಡುತ್ತೇವೆ. ಗೂಡು ಖಾಲಿಯಿದ್ದರೆ ಕಾಯುತ್ತೇವೆ. ತುಂಬಿದರೆ ಎಲ್ಲರೂ ಇಳಿದರು ಎಂದು ಬರೆದು ಸಹಿ ಹಾಕುತ್ತೇವೆ. ವರ್ಷಗಳಿಂದ ಹೀಗೇ. ಮುಖಗಳನ್ನು ನೋಡಬೇಕೆಂದು ನಿನ್ನೆಯ ತನಕ ನನಗೆ ಹೊಳೆದೇ ಇರಲಿಲ್ಲ.

"ಕೇಳಿಲ್ಲಿ." ಯೆಲ್ಕಾ ದನಿ ತಗ್ಗಿಸಿದಳು. "ನೀನು ಬಾಯಿ ಬಿಟ್ರೆ ಹೋಗೋದು ನಿನ್ನ ಗೈಡ್ ಬಿಲ್ಲೆ ಒಂದೇ ಅಲ್ಲ, ಹನ್ನೊಂದು ಜನರದ್ದು. ನಾನು ಕಟ್ತಿರೋ ಮನೆ ಅರ್ಧಕ್ಕೆ ನಿಂತಿದೆ. ನೀನೇನು, ಹೋಟೆಲ್ ಬೆಡ್‌ಶೀಟ್ ಒಗೆಯೋಕೆ ವಾಪಸ್ ಹೋಗ್ತೀಯ? ಮೂರು ಚಳಿಗಾಲ ಸಂಜೆ ಕ್ಲಾಸಿಗೆ ಓಡಾಡಿ ಪರೀಕ್ಷೆ ಕಟ್ಟಿದ್ದು ಅದಕ್ಕಾ?"

"ಬಾರ್ಬಾ ನಿಕ್ಷಾ ಹೋಗ್ತಾರಲ್ಲ, ಬೋಟಲ್ಲಿ."

"ಎಪ್ಪತ್ತೊಂದು ವರ್ಷದವರನ್ನ ಯಾರು ಹಿಡಿದಿಟ್ಕೋತಾರೆ? ವಕೀಲರು ನೋಡ್ಕೋತಾರೆ. ಹೋಗು, ಸಹಿ ಹಾಕಿ ಮನೆಗೆ ಹೋಗಿ ಮಲ್ಕೋ."

ಕೆಳಗಿನ ಟಿಕೆಟ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಾರ್ಬಾ ನಿಕ್ಷಾ ನಿಂತಿದ್ದರು, ಪಕ್ಕದಲ್ಲಿ ಒಬ್ಬ ಪೇದೆ. ಮೇಜಿನ ಮೇಲೆ ಅವರ ಬೆಲ್ಟು, ಕನ್ನಡಕದ ಡಬ್ಬಿ, ಬೀಗದ ಕೈ. ಬೆಲ್ಟು ಇಲ್ಲದ್ದರಿಂದ ಒಂದು ಕೈಯಲ್ಲಿ ಪ್ಯಾಂಟು ಎತ್ತಿ ಹಿಡಿದಿದ್ದರು.

ಅವರ ಕಣ್ಣಿಗೆ ನಾನು ಬಿದ್ದೆ.

"ಸಹಿ ಹಾಕಿದ್ಯಾ ಮಗಳೇ?"

"ಇನ್ನೂ ಇಲ್ಲ ಬಾರ್ಬಾ."

"ಹಾಕು, ಹಾಕು. ಭಯ ಬೀಳ್ಬೇಡ. ನೀನು ಎಣಿಸಿದ್ದೀಯಲ್ಲ." ನಕ್ಕರು. ಮೇಲಿನ ಹಲ್ಲಿನ ಸೆಟ್ಟು ಹಾಕಿಕೊಂಡಿರಲಿಲ್ಲ. "ನನಗೆ ಗೊತ್ತು, ನೀನು ಸರಿಯಾಗೇ ಎಣಿಸ್ತೀಯ. ಕಲಿಸಿದ್ದು ಯಾರು?"

ಅವರೇ ಕಲಿಸಿದ್ದು. ಸಂಜೆ ಕ್ಲಾಸಿನ ಮೊದಲ ಪಾಠದಲ್ಲಿ, ಒಗೆದು ಒಗೆದು ಕೈ ಸುಲಿದಿದ್ದ ನನ್ನ ಮುಂದೆ ನಿಂತು ಮೂಗಿನ ತುದಿಗೆ ಬೆರಳು ಮುಟ್ಟಿಸಿ ಹೇಳಿದ್ದರು: ಮೂಗು ಎಣಿಸು. ಟೋಪಿ ಹಾರಿ ಹೋಗುತ್ತೆ, ಕೊಡೆ ಅದಲುಬದಲಾಗುತ್ತೆ, ಮೂಗು ಮಾತ್ರ ಅವರವರ ಮುಖದಲ್ಲೇ ಇರುತ್ತೆ.

ಮತ್ತೆ ಮೆಟ್ಟಿಲು ಹತ್ತಿದೆ. ಯೆಲ್ಕಾ ದಾರಿ ಬಿಡಲಿಲ್ಲ. ನಾನು ಅವಳ ಪಕ್ಕದಲ್ಲಿ ಒರಸಿಕೊಂಡು ಹೋದೆ.

"ನಾನು ಅವರನ್ನ ಎಣಿಸ್ಲಿಲ್ಲ," ಎಂದೆ.

ವುಲಾಸ್ ಅವರ ಕೈ ಬಾಯಿಯ ಹತ್ತಿರವೇ ನಿಂತಿತು.

"ಇನ್ನೊಂದ್ಸಲ."

"ಪೆಟ್ಟಿಗೆ ಎಣಿಸಿದೆ ಸಾರ್. ಹದಿನೆಂಟು ರಿಸೀವರ್ ಬಂದಿತ್ತು. ಹದಿನೆಂಟು ಜನ ಬಂದ್ರಾ, ನಾನು ನೋಡಿಲ್ಲ."

"ನಿನ್ನೆ ರಾತ್ರಿ ಕೇಳಿದಾಗ ಎಣಿಸಿದೆ ಅಂದ್ರಿ."

"ಎಣಿಸಿದೀನಿ ಅಂತ್ಲೇ ಅಂದ್ಕೊಂಡಿದ್ದೆ. ನೀವು ಈಗ ಅದನ್ನ ಮೇಜಿನ ಮೇಲೆ ಸುರಿದ್ರಲ್ಲ, ಆಗ ಗೊತ್ತಾಯ್ತು. ನಾನು ಎಣಿಸಿದ್ದು ಇದನ್ನ."

ಅವರು ಅಂಜೂರವನ್ನು ಮೇಜಿನ ಮೇಲಿಟ್ಟರು. ತೆಂಕಣ ಗಾಳಿ ಕಿಟಕಿಯ ಹಲಗೆಯನ್ನು ಬಡಿಯುತ್ತಿತ್ತು. ಈ ಗಾಳಿ ಬೀಸುವ ದಿನ ನಮ್ಮೂರಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ, ಜಗಳ ಇತ್ಯರ್ಥ ಮಾಡುವುದಿಲ್ಲ. ಮೈಯೆಲ್ಲ ಅಂಟು, ತಲೆಯಲ್ಲಿ ಸೀಸ.

"ಹನ್ನೊಂದು ಮೂವತ್ತೈದಕ್ಕೆ ಒಂದು ಕಡಿಮೆ ಇದೆ ಅಂತ ನೀವು ಬರೆದಿದ್ರೆ?" ಎಂದು ಕೊನೆಗೆ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಬಾರ್ಬಾ ನಿಕ್ಷಾ ಬೀಗ ಹಾಕ್ತಿರ್ಲಿಲ್ಲ. ಹುಡುಕ್ತಿದ್ವಿ. ಕೊತ್ತಲಕ್ಕೆ ಇಲ್ಲಿಂದ ಆರು ನಿಮಿಷ."

"ಬದುಕಿರ್ತಿದ್ಲು," ಎಂದರು ವುಲಾಸ್.

ನಾನು ಅಂಗಿಯಿಂದ ಬಿಲ್ಲೆಯನ್ನು ಬಿಚ್ಚಿ ರಿಜಿಸ್ಟರಿನ ಮೇಲಿಟ್ಟೆ. ಪಿನ್ನು ಬೆರಳಿಗೆ ಚುಚ್ಚಿತು.

"ಅದನ್ನ ನಾನು ಕೇಳ್ಲಿಲ್ಲ."

"ಕೇಳ್ತಾರೆ ಸಾರ್. ನೀವಲ್ಲದಿದ್ರೆ ಇನ್ನೊಬ್ರು."

ವುಲಾಸ್ ಟೈಪ್ ಮಾಡಿದ ಕಾಗದವನ್ನು ಮಡಚಿ, ಮತ್ತೆ ಮಡಚಿ, ಜೇಬಿಗೆ ಹಾಕಿದರು. ಸಾಲಾಗಿಟ್ಟ ರಿಸೀವರ್‌ಗಳ ಮೇಲೆ ಅವರ ಬೆರಳು ಸರಿದಾಡಿತು. "ಹಾಗಾದ್ರೆ ಆಕೆ ಇಳಿದೇ ಇಲ್ಲ. ಇಳಿಯದವಳ ರಿಸೀವರ್ ಮಾತ್ರ ಇಳಿದು ಬಂದು ಗೂಡಲ್ಲಿ ಕೂತಿದೆ. ಯಾವುದು ಆಕೆಯದು?"

ಬೆಳಿಗ್ಗೆ ಹಂಚಿದ ಪಟ್ಟಿ ನನ್ನ ಚೀಲದಲ್ಲಿತ್ತು. "ಹದಿನಾಲ್ಕು. ತಂಗಿಯದು ಹದಿಮೂರು."

ಅವರು ಮೆಟ್ಟಿಲ ಕಡೆ ಕೂಗಿ ಹೇಳಿದರು. ಪೇದೆ ಬಂದರಿಗೆ ಹೋಗಿ ಬೋಟಿನವರಿಗೆ ಯಾರೂ ಬರುವುದಿಲ್ಲ ಎಂದು ತಿಳಿಸಬೇಕು. ಬರುವ ದಾರಿಯಲ್ಲಿ ಹೆಡ್ವಿಗ್ ಅವರ ತಂಗಿಯನ್ನು ಕರೆತರಬೇಕು. ಮುದುಕನಿಗೆ ಅವನ ಸಾಮಾನು ಕೊಡಬೇಕು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಸಹಿ ನೋಡಿ ಬೀಗ ಹಾಕಿದವನನ್ನ ನಾನು ಯಾವ ತಪ್ಪಿಗೆ ಹಿಡಿದಿಟ್ಕೊಳ್ಲಿ?"

ಬಾರ್ಬಾ ನಿಕ್ಷಾ ಬೆಲ್ಟು ಬಿಗಿದುಕೊಳ್ಳುತ್ತ ಮೇಲೆ ಬಂದರು. ಬೀಗದ ಕೈಯನ್ನು ವುಲಾಸ್ ತಾವೇ ಅವರ ಅಂಗೈಯಲ್ಲಿಟ್ಟರು. ಬಾಗಿಲ ಬಳಿ ನನ್ನ ಮುಂದೆ ನಿಂತ ಬಾರ್ಬಾ ಅವರ ದೃಷ್ಟಿ ಬಿಲ್ಲೆಯಿಲ್ಲದ ಅಂಗಿಯ ಮೇಲೆ ಬಿತ್ತು. ಬೆರಳು ಚಾಚಿ ನನ್ನ ಮೂಗಿನ ತುದಿಯನ್ನು ಮೆಲ್ಲಗೆ ಮುಟ್ಟಿದರು.

ನಾನು ಅತ್ತುಬಿಟ್ಟೆ.

ತಂಗಿ ಇರ್ಮ್‌ಗಾರ್ಡ್ ಬಂದಾಗ ಒಂದೂವರೆ. ಅಕ್ಕನಿಗಿಂತ ಐದು ವರ್ಷ ಚಿಕ್ಕವರು, ದಪ್ಪ ಕೈಚೀಲವನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತರು. ಸ್ಪ್ಲಿಟ್‌ನಿಂದ ಬರಬೇಕಿದ್ದ ದುಭಾಷಿ ಬಂದಿರಲಿಲ್ಲವಾದ್ದರಿಂದ ಅವರ ಜರ್ಮನ್ ಮಾತನ್ನು ವುಲಾಸ್‌ಗೆ, ವುಲಾಸ್ ಮಾತನ್ನು ಅವರಿಗೆ ನಾನೇ ಹೇಳಬೇಕಾಗಿತ್ತು. ಒಂದು ಪದವೂ ಹೆಚ್ಚುಕಡಿಮೆಯಾಗಬಾರದೆಂದು ಮನಸ್ಸಿನಲ್ಲೇ ಎರಡೆರಡು ಸಲ ತೂಗಿ ಹೇಳಿದೆ.

"ನಿಮ್ಮಕ್ಕ ನಿಮ್ಮ ಜೊತೆ ಇಳಿದ್ರಾ?"

"ಹೇಳಿದೆನಲ್ಲ. ಇಳಿದ್ಲು. ತಲೆನೋವು ಅಂದ್ಲು, ಹಡಗಿಗೆ ಹೋದ್ಲು."

"ಈ ಗೈಡ್ ಅವರನ್ನ ನೋಡಿಲ್ಲ."

"ಗೈಡ್ ಎಣಿಸಿ ಬರೆದಿದ್ದಾಳಂತಲ್ಲ?" ಇರ್ಮ್‌ಗಾರ್ಡ್ ನನ್ನ ಕಡೆ ಬೆರಳು ಮಾಡಿದರು. "ಎಣಿಸೋದು ಅವಳ ಕೆಲಸ. ನನ್ನದಲ್ಲ."

ಅದನ್ನೂ ಹಾಗೇ ಅನುವಾದಿಸಿದೆ.

ವುಲಾಸ್ ಹದಿಮೂರನ್ನೂ ಹದಿನಾಲ್ಕನ್ನೂ ಅವರ ಮುಂದೆ ಅಕ್ಕಪಕ್ಕ ಇಟ್ಟರು. ಬೇರೇನೂ ಕೇಳಲಿಲ್ಲ. ಕಾಯುತ್ತ ಕೂತರು. ಇರ್ಮ್‌ಗಾರ್ಡ್ ಅವರ ಕಣ್ಣು ಎರಡರ ಮೇಲೂ ಹೋಯಿತು, ಕಿಟಕಿಗೆ ಹೋಯಿತು, ಮತ್ತೆ ಎರಡರ ಮೇಲೆ ಬಂತು.

"ಇವರು ಎಣಿಸ್ಲಿಲ್ಲ ಅಂತ ಒಪ್ಕೊಂಡಿದ್ದಾರೆ," ಎಂದರು ವುಲಾಸ್. "ಅದಕ್ಕೆ ಇವರ ಕೆಲಸ ಹೋಗುತ್ತೆ. ಈಗ ನಿಮ್ಮ ಸರದಿ."

ಅದನ್ನೂ ಪದಕ್ಕೆ ಪದ ಹೇಳಿದೆ. ಆ ಹೆಂಗಸು ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. ಅಂಗಿಯ ಮೇಲೆ ಪಿನ್ನಿನ ಎರಡು ತೂತು ಉಳಿದಿದ್ದವು.

"ಎರಡನ್ನೂ ನಾನೇ ಇಟ್ಟೆ," ಎಂದರು.

"ಯಾಕೆ?"

"ಅವಳೇ ಕೊಟ್ಟಳು. ಗೋಡೆ ಮೇಲೆ. ಇದನ್ನ ವಾಪಸ್ ಕೊಟ್ಟುಬಿಡು, ನಾನು ಇಲ್ಲಿ ಸ್ವಲ್ಪ ಕೂತು ಬರ್ತೀನಿ ಅಂದ್ಲು. ಯಾರಾದ್ರೂ ಕೇಳಿದ್ರೆ ತಲೆನೋವು, ಹಡಗಿಗೆ ಹೋದ್ಲು ಅಂತ ಹೇಳು ಅಂದ್ಲು. ನನಗೆ ಸಿಟ್ಟು ಬಂದಿತ್ತು. ಒಂಬತ್ತು ದಿನ, ಆರು ಊರು, ಎಲ್ಲ ಕೋಟೆಗೋಡೆ, ಎಲ್ಲ ಸಮುದ್ರ. ಪಿರಾನ್‌ನಲ್ಲೂ ಟ್ರೋಗಿರ್‌ನಲ್ಲೂ ಒಂದು ನಿಮಿಷ ನಿಂತು ನೋಡ್ಲಿಲ್ಲ ಅವಳು, ಹಡಗಲ್ಲೇ ಕೂತಿದ್ಲು. ಆಮೇಲೆ ಅರ್ಥವಾಯ್ತು, ಬೇರೆ ಐದು ಊರು ನನಗೋಸ್ಕರ. ಅವಳಿಗೆ ಬೇಕಾಗಿದ್ದು ಇದೊಂದೇ."

"ಇಲ್ಲಿಗೆ ಮುಂಚೆ ಬಂದಿದ್ರಾ?"

"ಇಪ್ಪತ್ತೆಂಟನೇ ವಯಸ್ಸಲ್ಲಿ. ಒಂದು ಬೇಸಿಗೆ ಪೂರ್ತಿ. ಏನಾಯ್ತು ಅಂತ ಮನೇಲಿ ಯಾರಿಗೂ ಹೇಳ್ಲಿಲ್ಲ." ಅವರು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದರು. "ನಾನು ಕೇಳ್ಲೂ ಇಲ್ಲ. ಸಿಟ್ಟಲ್ಲಿ ಇಳಿದುಬಂದೆ. ಎರಡನ್ನೂ ಪೆಟ್ಟಿಗೇಲಿಟ್ಟೆ. ಊಟಕ್ಕೆ ಮೀನು ಹುರಿದಿದ್ರು. ನಾನು ಎರಡು ಸಲ ಹಾಕಿಸ್ಕೊಂಡೆ." ಅವರು ಅಲ್ಲಿಗೆ ನಿಂತರು. "ಅವಳು ಕೆಳಗೆ ಬಿದ್ದಿದ್ದಾಗ ನಾನು ಎರಡು ಸಲ ಹಾಕಿಸ್ಕೊಂಡು ತಿಂದೆ. ಅದನ್ನ ಯಾರಿಗೂ ಹೇಳೋಕಾಗ್ಲಿಲ್ಲ. ಸುಳ್ಳನ್ನೇ ಹೇಳಿದೆ."

ಕೊನೆಯ ಮಾತನ್ನೂ ವುಲಾಸ್‌ಗೆ ತಲುಪಿಸಿದೆ.

"ರಿಸೀವರ್ ಯಾಕೆ ಕೊಟ್ರು? ಕೂತು ಬರೋರು ಅದನ್ನ ಇಟ್ಕೊಂಡೇ ಬರಬಹುದಿತ್ತಲ್ಲ."

"ಅದು ಕೆಟ್ಟಿತ್ತು. ಹತ್ತಿದಾಗಿನಿಂದ ಗೈಡ್ ಮಾತೇ ಕೇಳಿಸ್ತಿಲ್ಲ ಅಂತಿದ್ಲು. ಆ ದೊಡ್ಡ ಕೊತ್ತಲದ ಹತ್ತಿರ ಬಂದಾಗ ಇದ್ದಕ್ಕಿದ್ದ ಹಾಗೆ ನಿಂತಳು. ಮುಖದಲ್ಲಿ ರಕ್ತಾನೇ ಇರಲಿಲ್ಲ. ಇರ್ಮಿ, ಇದರಲ್ಲಿ ಬೇರೆ ಯಾರೋ ಮಾತಾಡ್ತಿದ್ದಾರೆ, ನನ್ನ ಹೆಸರು ಹಿಡಿದು ಕರೀತಿದ್ದಾರೆ ಅಂದ್ಲು."

ನಾನು ಅನುವಾದಿಸುವುದನ್ನು ಮರೆತೆ.

"ಏನಂತೆ?" ಎಂದರು ವುಲಾಸ್. "ಪೆರಿನಾ, ಏನಂತೆ?"

ಹೇಳಿದೆ. ಅವರು ಕುರ್ಚಿಯನ್ನು ಮುಂದಕ್ಕೆಳೆದರು.

"ಯಾವ ಹೆಸರು?"

"ಹೆಡಿ ಅಂತ," ಎಂದರು ಇರ್ಮ್‌ಗಾರ್ಡ್. "ನಮ್ಮಪ್ಪ ಹಾಗೆ ಕರೀತಿದ್ದ. ಅವನು ಸತ್ತು ಮೂವತ್ತು ವರ್ಷ. ನಾನು ನಗಾಡಿದೆ. ನಿನ್ನ ಕಿವಿ ಹೋಗಿದೆ ಅಂದೆ. ಆಗ ಅವಳು ಕೊಕ್ಕೆ ಕಿತ್ತು ನನ್ನ ಕೈಗೆ ತುರುಕಿದ್ಲು." ಎದ್ದು ನಿಂತರು. "ನನಗೆ ಮುಖ ತೊಳ್ಕೋಬೇಕು. ದಯವಿಟ್ಟು."

"ಮೆಟ್ಟಿಲ ಕೆಳಗೆ, ಬಲಗಡೆ," ಎಂದೆ.

ವುಲಾಸ್ ಆಗಲೇ ಕಿಟಕಿಯ ಹತ್ತಿರ ಹೋಗಿ ಸ್ಪ್ಲಿಟ್‌ಗೆ ಫೋನು ಹಚ್ಚಿದ್ದರು. ಒಂದು ಕಿವಿಯನ್ನು ಬೆರಳಿಂದ ಮುಚ್ಚಿಕೊಂಡು, ನಲವತ್ತು ವರ್ಷದ ಹಿಂದಿನ ಅತಿಥಿಗೃಹಗಳ ದಾಖಲೆ ಎಲ್ಲಿ ಸಿಗುತ್ತದೆಂದು ಯಾರನ್ನೋ ಗದರಿಸುತ್ತಿದ್ದರು.

ನಾನು ಹದಿನಾಲ್ಕನ್ನು ಎತ್ತಿಕೊಂಡೆ.

ರಿಸೀವರ್ ಕೆಟ್ಟಿರಲಾರದು. ಪ್ರತಿದಿನ ಕೆಲಸ ಮುಗಿದ ಮೇಲೆ ಒಂದೊಂದನ್ನೂ ಸ್ಪಿರಿಟ್ ಹಾಕಿ ಒರೆಸಿ, ಆನ್ ಮಾಡಿ, ನಾಲ್ಕು ಬರುತ್ತದೆಯೇ ಎಂದು ನೋಡಿಯೇ ಇಡುತ್ತೇನೆ. ನಿನ್ನೆ ಒಂದೇ ದಿನ, ಗಾಳಿಯ ನೆಪದಲ್ಲಿ, ಒರೆಸದೆ ಹೋಗಿದ್ದೆ. ಚಾನೆಲ್ ತಾನಾಗಿ ಬದಲಾಗುವುದಿಲ್ಲ. ಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಮೂರರವರೆಗೆ ಎಣಿಸಬೇಕು. ಪ್ರವಾಸಿಗಳಿಗೆ ಅದು ಗೊತ್ತಿರುವುದಿಲ್ಲ. ನಮಗೆ ಮಾತ್ರ ಗೊತ್ತು.

ಗುಂಡಿ ಒತ್ತಿದೆ. ಪುಟ್ಟ ಗಾಜಿನಲ್ಲಿ ಹಸಿರು ಬೆಳಕು ಬಂತು.

ಏಳು.

ತಲೆ ಎತ್ತಿ ಗೋಡೆಯ ಪಟ್ಟಿ ನೋಡಿದೆ. ನೋಡಬೇಕಾಗಿರಲಿಲ್ಲ. ಆ ಖಾಲಿ ಜಾಗದಲ್ಲಿ ಮೊದಲು ಯಾರ ಹೆಸರಿತ್ತೆಂದು ನನಗೆ ಗೊತ್ತು. ಅವರು ಕೆಲಸ ಬಿಟ್ಟ ದಿನ ಆ ಹೆಸರಿನ ಚೀಟಿಯನ್ನು ಬ್ಲೇಡಿನಿಂದ ಹುಷಾರಾಗಿ ಬಿಡಿಸಿ, ಚೌಕಟ್ಟು ಹಾಕಿಸಿ ಅವರಿಗೆ ಉಡುಗೊರೆ ಕೊಟ್ಟವಳು ನಾನೇ. ಮೈಕು ಅವರವರ ಸ್ವಂತದ್ದು, ಆದ್ದರಿಂದ ಅದನ್ನೂ ಮನೆಗೆ ಒಯ್ದಿದ್ದರು. ವಯಸ್ಸಾದವರ ಕಿವಿಗೆ ಕೊಕ್ಕೆ ಸಿಕ್ಕಿಸಿ, ರಿಸೀವರ್ ಆನ್ ಮಾಡಿ, ಮುರುಕು ಜರ್ಮನ್‌ನಲ್ಲಿ ತಮಾಷೆ ಮಾಡಿ ಕಳಿಸುವವರು.

ಬಾರ್ಬಾ ನಿಕ್ಷಾ.

ಕೊತ್ತಲದ ಬಳಿ ಅವರ ದನಿ ಕೇಳಿಸಬೇಕಾದರೆ ನಿನ್ನೆ ಅವರೂ ಅಲ್ಲಿಗೆ ನೂರು ಹೆಜ್ಜೆಯೊಳಗೇ ಇದ್ದಿರಬೇಕು. ಅವರನ್ನು ಬಿಡಿಸಲು ನಾನು ಬಿಲ್ಲೆ ಬಿಚ್ಚಿಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಕೊಕ್ಕೆಯನ್ನು ಕಿವಿಗೆ ಸಿಕ್ಕಿಸಿಕೊಂಡೆ. ಯಾಕೆ ಸಿಕ್ಕಿಸಿಕೊಂಡೆನೋ ತಿಳಿಯದು, ಅಭ್ಯಾಸ. ಯಾರೂ ಮಾತಾಡದ ಚಾನೆಲ್ಲಿನಲ್ಲಿ ಏನೂ ಕೇಳಿಸುವುದಿಲ್ಲ. ಇದರಲ್ಲಿ ಗಾಳಿ ಕೇಳಿಸುತ್ತಿತ್ತು. ಯಾರೋ ಮೈಕು ತೆರೆದುಕೊಂಡು ತೆಂಕಣ ಗಾಳಿಯಲ್ಲಿ ನಿಂತಿದ್ದರು, ನನ್ನಿಂದ ನೂರು ಹೆಜ್ಜೆಯೊಳಗೆ.

"ಹಾಕ್ಕೊಂಡ್ಯಾ," ಎಂದಿತು ಆ ದನಿ. ಹಲ್ಲಿನ ಸೆಟ್ಟಿಲ್ಲದ ಬಾಯಿ, ಪಾಠ ಹೇಳುವಾಗಿನ ಅದೇ ನಿಧಾನ. "ಕಿಟಕೀಲಿ ಕಾಣ್ತಿದ್ದೀಯ ಮಗಳೇ. ಅಳಬೇಡ. ಆ ಸ್ಪ್ಲಿಟ್‌ನವನನ್ನ ಕರೆಯೋಕೆ ಮುಂಚೆ ಒಂದು ಕೆಲಸ ಮಾಡು. ರೂಮಲ್ಲಿ ಮೂಗು ಎಷ್ಟಿವೆ, ಎಣಿಸು."

ತಿರುಗಿದೆ.

ಕಿಟಕಿಯ ಬಳಿ ಬೆನ್ನು ಮಾಡಿ ನಿಂತ ವುಲಾಸ್. ನಾನು. ಕುರ್ಚಿಯ ಮೇಲೆ ಇರ್ಮ್‌ಗಾರ್ಡ್ ಅವರ ದಪ್ಪ ಕೈಚೀಲ, ಬಾಯಿ ತೆರೆದು ಬಿದ್ದಿತ್ತು. ಮುಖ ತೊಳೆಯಲು ಇಳಿದವರು ಇನ್ನೂ ಬಂದಿರಲಿಲ್ಲ, ಕೆಳಗೆ ಕೊಳಾಯಿ ಹರಿಯುವ ಸದ್ದೂ ಇರಲಿಲ್ಲ. ದಿಡ್ಡಿ ಬಾಗಿಲು ಗಾಳಿಗೆ ತೆರೆದುಕೊಂಡು ಬಡಿಯಿತು, ಮತ್ತೆ ಬಡಿಯಿತು. ಅದರ ಬೀಗದ ಕೈ ಊರಿಗೆಲ್ಲ ಒಂದೇ, ಅದು ಈಗ ಬಾರ್ಬಾ ಕೈಯಲ್ಲಿತ್ತು.

"ಎಷ್ಟಾಯ್ತು?" ಎಂದು ಕಿವಿಯಲ್ಲಿ ಕೇಳಿದರು ಬಾರ್ಬಾ ನಿಕ್ಷಾ.